ಎಲ್ಲಾ ಒರಿಜಿನಲ್

ಹಳೇ ಜೀಪುಗಳನ್ನು ಹುಡುಕಿ ತಂದು ರಿಪೇರಿ ಮಾಡಿ ಓಡಿಸುವುದೆಂದರೆ ಮೈಸೂರಿನ ಚಂದ್ರಹಾಸನಿಗೆ ಹುಚ್ಚು. ಆದರೆ ಸಿಕ್ಕ ಜೀಪಿಗೆಲ್ಲ ಯಾವುದೋ ಟ್ರ್ಯಾಕ್ಟರಿನ ಎಂಜಿನ್ನು, ಯಾವುದೋ ಲಾರಿಯ ಸೀಟು. ಹಾಗಾಗಿ ಹುಬ್ಬಳ್ಳಿ ಕಡೆಯ ಗದಿಗೆಪ್ಪನ ಫೋನು ಬಂದಾಗ ಅವನು ಕುಣಿದಾಡಿಬಿಟ್ಟ.

"ನಮ್ಮ ಜೀಪು ಎಲ್ಲಾ ಒರಿಜಿನಲ್ ಐತ್ರಿ. ಎಂಜಿನ್ ದಿನಾ ಚಾಲೂ ಇರ್ತೈತಿ."

ಬಸ್ಸಿಳಿದವನನ್ನು ಗದಿಗೆಪ್ಪ ಎತ್ತಿನ ಚಕ್ಕಡಿಯಲ್ಲಿ ಮನೆಗೆ ಕರೆತಂದು, ಪಡಸಾಲೆಯ ಮೆತ್ತನೆಯ ಸೀಟಿನ ಮೇಲೆ ಕೂರಿಸಿದ.

"ಮೊದಲು ಜೀಪು ತೋರಿಸಿ ಯಜಮಾನ್ರೇ."

"ಮೊದ್ಲ ಊಟ ಮಾಡ್ರಿ. ಬಂದವರನ್ನ ಹಸದ ಹೊಟ್ಟಿಲೆ ವ್ಯಾಪಾರಕ್ಕ ಕೂಡ್ಸೂದು ನಮ್ಮ ಮನಿ ಪದ್ಧತಿ ಅಲ್ಲ."

ಬಿಸಿ ರೊಟ್ಟಿ, ಎಣ್ಣೆಗಾಯಿ ಗಬಗಬನೆ ನುಂಗಿ, ಕೈ ತೊಳೆಯುವ ನೆಪದಲ್ಲಿ ಚಂದ್ರಹಾಸ ಹಿತ್ತಿಲು ನೋಡಿದ, ಕೊಟ್ಟಿಗೆ ನೋಡಿದ. ಜೀಪಿನ ಸುಳಿವೇ ಇಲ್ಲ. ಅವನ ತಾಳ್ಮೆ ಕೆಟ್ಟಿತು.

"ಎಲ್ರೀ ಜೀಪು? ಬಂದಾಗಿನಿಂದ ಅದರದ್ದೊಂದು ನಟ್ಟೂ ಕಣ್ಣಿಗೆ ಬಿದ್ದಿಲ್ಲ!"

ಗದಿಗೆಪ್ಪನ ಮುಖ ಸಣ್ಣಗಾಯಿತು.

"ಹಂಗ್ಯಾಕ ಅಂತೀರಿ ಸಾಹೇಬ್ರ? ಅದರ ಗಾಲಿ ಮ್ಯಾಲ ಊರಿಗೆ ಬಂದ್ರಿ, ಅದರ ಸೀಟಿನ ಮ್ಯಾಲ ಕುಂತ್ರಿ, ನಮ್ಮ ಗಿರಣ್ಯಾಗ ಅದರ ಎಂಜಿನ್ನ ಬೀಸಿದ ಹಿಟ್ಟಿನ ರೊಟ್ಟಿ ನಾಕು ತಿಂದ್ರಿ. ಇನ್ನೂ ಏನ್ ನೋಡೂದೈತ್ರಿ?"