ಪಂಕಜಾಕ್ಷಿ ಟೀಚರಿಗೆ ಆರು ತಿಂಗಳು

ಬೈಕ್ ಕದ್ದವನು ಶಂಭುಲಿಂಗ. ಜೈಲಿಗೆ ಹೊರಟವರು ನಿವೃತ್ತ ಶಿಕ್ಷಕಿ ಪಂಕಜಾಕ್ಷಿ. ಕಳ್ಳನನ್ನು ಬಿಟ್ಟು ಕಳ್ಳತನದ ಕಾರಣವನ್ನು ಒಳಗೆ ಹಾಕುವ ಕಾನೂನು ಬಂದು ಒಂಬತ್ತು ವರ್ಷವಾಗಿತ್ತು. ಅದರಲ್ಲಿ ಈಗ ಯಾರಿಗೂ ವಿಶೇಷವೇನೂ ಕಾಣುತ್ತಿರಲಿಲ್ಲ.

ಅರಸೀಕೆರೆಯ ಕಾರಣ ಕಚೇರಿಯಲ್ಲಿ ಗುಮಾಸ್ತ ಮರಿಯಪ್ಪ ಕಡತ ಬಿಚ್ಚಿದ. "ಬಡತನ ಇಲ್ಲ, ಅಪ್ಪಂಗೆ ಎರಡು ಲಾರಿ. ಕೆಟ್ಟ ಸಹವಾಸ ಇಲ್ಲ, ಸ್ನೇಹಿತರೆಲ್ಲ ಭಜನೆ ಮಂಡಳಿಯೋರು. ಆದ್ರೆ ಏಳನೇ ಕ್ಲಾಸಿನ ಟಿ.ಸಿ.ಯಲ್ಲಿ ಎಲ್ಲರ ನಡತೆ 'ಉತ್ತಮ' ಅಂತ ಬರೆದು, ಇವನೊಬ್ಬಂದು 'ಸಾಧಾರಣ' ಅಂತ ಬರೆದಿದ್ದೀರಿ ಮೇಡಂ. ಅಲ್ಲೇ ಮನಸ್ಸು ಮುರಿದಿದೆ. ಆರು ತಿಂಗಳು."

"ನನ್ನ ಪೆನ್ನು ಕದ್ದಿದ್ದ ಕಣ್ರೀ, ಅದಕ್ಕೇ ಬರೆದೆ!"

"ಅದಕ್ಕೆ ಕಾಲಂ ಇಲ್ಲ ಮೇಡಂ."

"ಮತ್ತೆ ಬಿಡುಗಡೆಗೆ ದಾರಿ?"

"ನೀವು ಒಳಗಿದ್ದಾಗ ಅವನು ಮತ್ತೆ ಕದ್ರೆ, ಕಾರಣ ನೀವಲ್ಲ ಅಂತಾಗುತ್ತೆ. ಅವತ್ತೇ ಬಿಡುಗಡೆ."

ಬಾಗಿಲಲ್ಲಿ ನಿಂತಿದ್ದ ಶಂಭುಲಿಂಗ ಬಂದು ಟೀಚರ ಕಾಲಿಗೆ ಬಿದ್ದ. ಅವರು ಕಿವಿ ಹಿಡಿದು ಅವನನ್ನು ಮೇಲೆತ್ತಿದರು. "ನಾಳೆ ಬೆಳಗ್ಗೆ ಹತ್ತರೊಳಗೆ ಏನಾದ್ರೂ ಕದಿಬೇಕು. ತಿಳೀತೇನೋ?"

"ಆಗಲ್ಲ ಟೀಚರ್." ಅವನ ಕಣ್ಣು ತುಂಬಿತ್ತು. "ನಿಮ್ಮನ್ನ ಹೀಗೆ ನೋಡಿ ಮನಸ್ಸು ಬದಲಾಯ್ತು. ಇನ್ಮೇಲೆ ಕದಿಯಲ್ಲ."

ಮರಿಯಪ್ಪ ಸಂತೋಷದಿಂದ "ಕಾರಣ ಖಚಿತ" ಎಂಬ ಮೊಹರು ಒತ್ತಿದ.

"ಆವಾಗ್ಲೂ ಅಷ್ಟೇ," ವ್ಯಾನ್ ಹತ್ತುತ್ತ ಟೀಚರ್ ಗೊಣಗಿದರು. "ಹೇಳಿದ ಹೋಮ್‌ವರ್ಕ್ ಒಂದು ದಿನಾನೂ ಮಾಡಿದವನಲ್ಲ. 'ಸಾಧಾರಣ' ಅಂತ ಬರೆದಿದ್ದೇ ಹೆಚ್ಚಾಯ್ತು."