ಥ್ರಾಂಗಿಲ್ ಮನೆತನದ ಸಹಿ

"ಮುಟ್ಟಬೇಡಿ ಅಜ್ಜಿ, ಕೈಯೆಲ್ಲ ಬಣ್ಣ!" ಎಂದು ದಾಖಲೆ ಕಚೇರಿಯ ಕ್ರಿಸ್ಪಿನ್ ಹಳೆಯ ಉಯಿಲನ್ನು ತನ್ನತ್ತ ಎಳೆದುಕೊಂಡ. ಕುರಿ ಸಾಕುವ ಹೆಸ್ಟರ್ ಥ್ರಾಂಗಿಲ್ ಚಾಚಿದ ಬೆರಳನ್ನು ಗಾಳಿಯಲ್ಲೇ ತಡೆದಳು. ಇಡೀ ಇಂಗ್ಲೆಂಡಿನಲ್ಲಿ ಆ ಮನೆತನದ ಹೆಸರು ಈಗ ಉಳಿದಿರುವುದು ಅವಳೊಬ್ಬಳಿಗೇ. ಅದು ಎಲ್ಲಿಂದ ಶುರುವಾಯಿತೆಂದು ಸಾಯುವ ಮೊದಲು ನೋಡಲು ಬಂದಿದ್ದಳು.

"ಸಾವಿರದ ಆರುನೂರ ಹನ್ನೊಂದನೇ ಇಸವಿ," ಎಂದ ಕ್ರಿಸ್ಪಿನ್. "ಕಾಗದದಲ್ಲಿ ಸಿಗೋ ಮೊದಲ ಥ್ರಾಂಗಿಲ್ ಇವನೇ. ಬರೆಯೋಕೆ ಬಾರದವರು ಸಹಿ ಬದಲು ಶಿಲುಬೆ ಗೀಚೋರು. ಈ ಪುಣ್ಯಾತ್ಮ ಅದನ್ನೂ ತಪ್ಪಾಗಿ ಗೀಚಿದ್ದಾನೆ. ಮೂರು ಗೀಟು, ಅಡ್ಡಕ್ಕೊಂದು ಕೊಕ್ಕೆ."

ಹೆಸ್ಟರ್ ಕಿಟಕಿಯತ್ತ ಕೈ ತೋರಿದಳು. ಹೊರಗೆ ಅವಳ ಗಾಡಿಯಲ್ಲಿ ಹನ್ನೆರಡು ಕುರಿಗಳಿದ್ದವು. ಪ್ರತಿಯೊಂದರ ಪಕ್ಕೆಯ ಮೇಲೂ ಮೂರು ಕೆಂಪು ಗೀಟು, ಅಡ್ಡಕ್ಕೊಂದು ಕೊಕ್ಕೆ.

"ತಪ್ಪಲ್ಲ ಕಣಪ್ಪ, ನಮ್ಮ ಕುರಿ ಗುರುತು. ಬೆಳಿಗ್ಗೆ ನಾನೇ ಹಾಕಿದ್ದು."

ಕ್ರಿಸ್ಪಿನ್‌ನ ದನಿ ತಗ್ಗಿತು. "ನಿಮ್ಮ ನಂತರ?"

"ಹೆಸರು ನನ್ನ ಜೊತೆಗೇ ಮಣ್ಣಿಗೆ. ಗುರುತು ಮಾತ್ರ ಜಮೀನಿಂದು. ನಾಳೆ ಅಲ್ಲಿಗೆ ಯಾರೇ ಬಂದ್ರೂ ಇದನ್ನೇ ಹಾಕಬೇಕು. ನಮ್ಮ ಬೆಟ್ಟದ ಕಟ್ಟಳೆ."

ಅವನು ಉಯಿಲನ್ನು ಮೆಲ್ಲಗೆ ಅವಳತ್ತ ತಿರುಗಿಸಿದ.

"ಮುಟ್ಟಿ ಅಜ್ಜಿ," ಎಂದ.