ನೆಲಕ್ಕೆ ಹಾಕಿದ ಎಲೆ

“ಇವತ್ತು ಮಂಚದ ಮೇಲೆ ಊಟ ಇಲ್ಲ,” ಎಂದು ನರ್ಸ್ ಗ್ರೇಸಮ್ಮ ವಾರ್ಡಿನ ನೆಲಕ್ಕೆ ಬಾಳೆಲೆ ಹಾಕಿದಾಗ ಹೊನ್ನಯ್ಯನ ಪಿತ್ತ ನೆತ್ತಿಗೇರಿತು. ಭದ್ರಾವತಿಯಲ್ಲಿ ಕಬ್ಬಿಣದ ಎರಕ ಹೊಯ್ಯುತ್ತಿದ್ದ ಅವನ ಮುರಿದ ಕಾಲೇನೋ ಕೂಡಿತ್ತು, ಮಂಡಿ ಮಾತ್ರ ಒನಕೆಯಂತೆ ಸೆಟೆದಿತ್ತು. ಗ್ರೇಸಮ್ಮ ದಿನಾ ನೀವಿ ಮಡಚಿಸುವಾಗ, ಇನ್ನೇನು ಬಗ್ಗಿತು ಅನ್ನುವಷ್ಟರಲ್ಲಿ ಕೂಗಿ ನಿಲ್ಲಿಸಿಬಿಡುತ್ತಿದ್ದ.

ತಾಯಿ ಚೌಡಮ್ಮ ಮಂಚದ ಮೇಲೇ ಉಣಿಸಲು ತುತ್ತು ಹಿಡಿದು ಎದ್ದಳು. ಗ್ರೇಸಮ್ಮ ತಡೆದಳು. “ಬೇಡ ಅವ್ವಾ. ಮದುವೆಮನೆ ಪಂಕ್ತೀಲಿ ಎಲ್ರೂ ಕೂತಾಗ ಇವ್ರೊಬ್ರೇ ನಿಂತ್ಕೊಂಡು ಉಣ್ಬೇಕಾ?”

ಮಾತು ನಾಟಿತು. ಹೊನ್ನಯ್ಯ ಮಂಚ ಹಿಡಿದು, ಹಲ್ಲು ಕಚ್ಚಿ ಇಳಿದ. ಗ್ರೇಸಮ್ಮನ ಅಂಗೈ ಮಂಡಿಯ ಅಡಿಗೇ ಇತ್ತು. ಈ ಸಲ ಅವನು ಕೂಗಲಿಲ್ಲ. ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟ! ಬೆವರು ಒರೆಸಿಕೊಂಡು ಮೀಸೆ ತಿರುವಿದ.

“ಸಿಸ್ಟರಮ್ಮಾ, ಒಬ್ನೇ ಕೂತ್ರೆ ಪಂಕ್ತಿ ಆಗುತ್ತಾ? ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿ. ನೀವೂ ಕೂತ್ಕೊಳ್ಳಿ.”